ರೈಲು ಬಿಟ್ಟುಕೊಟ್ಟ ದಾರಿ

ರೈಲಿಗೆ ಏರು ಆಗಿಬರುವುದಿಲ್ಲ. ಉಕ್ಕಿನ ಹಳಿ, ಉಕ್ಕಿನ ಗಾಲಿ. ಉರುಳುವುದು ಸಲೀಸು, ಹಿಡಿತ ಮಾತ್ರ ಕಡಿಮೆ. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಎರಡು ಅಡಿ ಮೇಲೇರಬೇಕೆಂದರೂ ಇಂಜಿನ್ನಿಗೆ ಏದುಸಿರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಚಡಾವು ಇದೇ ಲೆಕ್ಕದ್ದು, ಐವತ್ತಕ್ಕೊಂದು. ಅಲ್ಲಿ ಗಾಡಿಯ ಬೆನ್ನಿಗೆ ಇನ್ನಷ್ಟು ಇಂಜಿನ್ ಕಟ್ಟಿ ದೂಡಿಸುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಗಾಗಿಯೇ ರೈಲು ದಾರಿ ಹಾಕಿದ ಇಂಜಿನಿಯರುಗಳು ಬೆಟ್ಟ ಕಂಡಲ್ಲಿ ಹತ್ತಲು ಹೋಗದೆ ಬಳಸಿಕೊಂಡು ಹೋದರು. ಬಳಸಲಾಗದ ಕಡೆ ಕೊರೆದರು, ಕಣಿವೆ ಅಡ್ಡ ಬಂದರೆ ಸೇತುವೆ ಕಟ್ಟಿದರು. ಅವರು ಪಟ್ಟ ಈ ಪಾಡಿನ ಲಾಭ ನೂರು ವರ್ಷದ ಮೇಲೆ, ಐವತ್ತು ದಾಟಿದವರ ಮಂಡಿಗಳಿಗೆ ಸಿಗುತ್ತದೆಂದು ಯಾರೂ ಎಣಿಸಿರಲಿಕ್ಕಿಲ್ಲ.

ಅಮೆರಿಕದಲ್ಲಿ ಇಂಥ ಲಾಭ ಧಾರಾಳವಾಗಿ ಸಿಗುವ ಜಾಗವೊಂದಿದೆ. ಹೆಸರು ಗ್ರೇಟ್ ಆಲಿಗೇನಿ ಪ್ಯಾಸೇಜ್. ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಊರಿನಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರದವರೆಗೆ 150 ಮೈಲಿ, ಹೆಚ್ಚುಕಡಿಮೆ 240 ಕಿಲೋಮೀಟರು. ಹೆಚ್ಚಿನ ಭಾಗದಲ್ಲಿ ಹಳಿ, ಸ್ಲೀಪರು ಎಲ್ಲ ಕಿತ್ತು ಅದೇ ಹಾಸಿನ ಮೇಲೆ ಸುಣ್ಣದ ಕಲ್ಲಿನ ಪುಡಿ ಹರಡಿ, ರೋಲರು ಹೊಡೆದು ಸೈಕಲ್ ದಾರಿ ಮಾಡಿದ್ದಾರೆ. ಕಾರಿನ ಕಾಟವಿಲ್ಲ, ಹಾರ್ನಿಲ್ಲ, ಹಿಂದಿನಿಂದ ಯಾರೋ ಬಂದು ಗುದ್ದುತ್ತಾರೆಂಬ ಭಯವಿಲ್ಲ. ಸಂಜೆಯ ಹೊತ್ತಿಗೆ ಕಾಲು, ಚೈನು, ನೀರಿನ ಬಾಟಲಿ ಎಲ್ಲದರ ಮೇಲೂ ಬಿಳಿ ಧೂಳಿನ ಒಂದು ಪದರ ಕೂತಿರುತ್ತದೆ, ಅಷ್ಟೆ.

ನಮ್ಮದು ಪಿಟ್ಸ್‌ಬರ್ಗಿನ ಆಸುಪಾಸಿನಲ್ಲಿ ನೆಲೆಸಿದ ಕನ್ನಡದವರ ಗುಂಪು. ದಾವಣಗೆರೆಯ ಡಾಕ್ಟ್ರು ಮತ್ತು ಅವರ ಮನೆಯವರು, ಹಾಸನದ ಗಂಡ ಹೆಂಡತಿ, ಕಾಲೇಜಿಗೆ ಹೋಗುವ ಅವರ ಮಗಳು, ಜೊತೆಗೆ ಡಾಕ್ಟ್ರ ಪಕ್ಕದ ಮನೆಯ ಹಿರಿಯರೊಬ್ಬರು. ಈ ಹಿರಿಯರು ಅಮೆರಿಕದವರೇ, ಗೂಡ್ಸ್ ಗಾಡಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವು ಮಾಡಿದ ಬುದ್ಧಿವಂತ ಕೆಲಸವೆಂದರೆ ಅವರನ್ನು ಕರೆದುಕೊಂಡು ಹೋದದ್ದು. ಡಾಕ್ಟ್ರದು ಬ್ಯಾಟರಿ ಸೈಕಲ್ಲು. ಅದರ ಬಗ್ಗೆ ದಾರಿಯುದ್ದಕ್ಕೂ ನಡೆದ ಗೇಲಿಯನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಕಾಲವೆಂದರೆ ಅಕ್ಟೋಬರು, ಮೇಪಲ್ ಮರಗಳು ಬಣ್ಣ ತಿರುಗುವ ಹೊತ್ತು.

ಕಂಬರ್‌ಲ್ಯಾಂಡಿನಿಂದ ಹೊರಡುವುದೋ, ಪಿಟ್ಸ್‌ಬರ್ಗಿನಿಂದಲೋ ಎಂಬುದು ಈ ದಾರಿಗೆ ಬರುವವರ ನಿತ್ಯದ ತಕರಾರು. ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟರೆ ಮೊದಲ 38 ಕಿಲೋಮೀಟರು ಏರು, ಆಮೇಲೆ 200 ಕಿಲೋಮೀಟರು ಇಳಿಜಾರು. ಇಳಿಜಾರೆಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಕಾಲಿಗೆ ಗೊತ್ತಾಗುವಂಥದ್ದು. ಇನ್ನೊಂದು ಕಡೆಯಿಂದ ಬಂದರೆ ಸುದೀರ್ಘವಾದ ಸಣ್ಣ ಏರು, ಕೊನೆಗೆ ಭರ್ರನೆ ಇಳಿತ. ನನ್ನ ಮತ ಕಂಬರ್‌ಲ್ಯಾಂಡಿಗೆ, ಕಾರಣ ಏರಿಳಿತವಲ್ಲ. ಆ ದಿಕ್ಕಿನಲ್ಲಿ ಬಂದರೆ ಮೊದಲು ಕಲ್ಲಿದ್ದಲಿನ ಬೆಟ್ಟ, ನಂತರ ಕೋಕ್ ಸುಟ್ಟ ಊರು, ಕೊನೆಗೆ ಉಕ್ಕಿನ ನಗರ ಬರುತ್ತವೆ. ಈ ದಾರಿಯನ್ನು ಯಾಕೆ ಕಟ್ಟಿದರೆಂಬುದು ತಾನಾಗಿ ತಿಳಿಯುತ್ತದೆ.

ಕಂಬರ್‌ಲ್ಯಾಂಡೇ ಒಂದು ತಮಾಷೆಯ ಊರು. ವಾಷಿಂಗ್ಟನ್ನಿನ ಕಡೆಯಿಂದ ಇಲ್ಲಿಯವರೆಗೆ ಒಂದು ಕಾಲುವೆ ಬಂದು ನಿಂತಿದೆ, ದೋಣಿಗಳಲ್ಲಿ ಸರಕು ಸಾಗಿಸಲು ತೋಡಿದ್ದು. 1828ರ ಜುಲೈ 4ರಂದು ಆ ಕಾಲುವೆಗೆ ಗುದ್ದಲಿ ಪೂಜೆಯಾದ ದಿನವೇ ಬಾಲ್ಟಿಮೋರ್–ಒಹಾಯೊ ರೈಲು ಮಾರ್ಗಕ್ಕೂ ಅಡಿಗಲ್ಲು ಬಿತ್ತು. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ತೆವಳಿಕೊಂಡು ಬಂದದ್ದು 1850ಕ್ಕೆ. ಅಷ್ಟರಲ್ಲಿ ಆಟ ಮುಗಿದಿತ್ತು. ಗೆದ್ದ ರೈಲಿಗೂ ಮುಂದೆ ಲಾರಿ ಬಂದು ತಗುಲಿಕೊಂಡಿತು. ಸೋತ ಕಾಲುವೆಯ ದಂಡೆಯಲ್ಲಿ ಈಗ ಸೈಕಲ್ಲು ಓಡುತ್ತದೆ, ಮುಂದೆ ಸೋತ ಇನ್ನೊಂದು ರೈಲಿನ ಹಾಸಿನ ಮೇಲೂ ಸೈಕಲ್ಲು ಓಡುತ್ತದೆ. ಎರಡೂ ದಾರಿ ಕೂಡುವುದು ಈ ಊರಲ್ಲೇ.

ಊರು ಬಿಟ್ಟು ಬೆಟ್ಟದ ಸಂದಿಯೊಳಗೆ ನುಗ್ಗಿದ ಮೇಲೆ ಫ್ರಾಸ್ಟ್‌ಬರ್ಗಿನವರೆಗೆ ನಮ್ಮ ಪಕ್ಕದಲ್ಲೇ ಒಂದು ಹಳಿ ಉಳಿದುಕೊಂಡಿದೆ. ಪ್ರವಾಸಿಗರಿಗಾಗಿ ಅದರ ಮೇಲೆ ಗಾಡಿ ಓಡಿಸುತ್ತಾರೆ. ಅವರ ಬಳಿ 1949ರಲ್ಲಿ ತಯಾರಾದ 1309 ನಂಬರಿನ ದೈತ್ಯ ಉಗಿ ಇಂಜಿನ್ ಕೂಡ ಇದೆ. ಏರು ಬೇಡವೆನ್ನುವವರು ಸೈಕಲ್ಲನ್ನು ಆ ಗಾಡಿಗೇ ಹಾಕಿಕೊಂಡು ಹೋಗಬಹುದು. ಡಾಕ್ಟ್ರಿಗೆ ಆ ಆಸೆ ಇತ್ತು. “ಬ್ಯಾಟರಿ ಇಟ್ಕೊಂಡು ಮತ್ತೆ ರೈಲೂ ಬೇಕಾ ಡಾಕ್ಟ್ರೇ?” ಅಂದರು ಹಾಸನದವರು. ಅಲ್ಲಿಗೆ ಆ ಮಾತು ಮುಗಿಯಿತು. ಬ್ರಷ್ ಸುರಂಗದಲ್ಲಿ ಹಳಿಯೂ ಸೈಕಲ್ ದಾರಿಯೂ ಮೈಗೆ ಮೈ ತಾಗಿಸಿಕೊಂಡು ಹೋಗುತ್ತವೆ. ನಾವು ಒಳಗಿದ್ದಾಗ ಗಾಡಿ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಹುಡುಗಿ, ಬಾರದಿದ್ದದ್ದೇ ಒಳ್ಳೆಯದು ಎಂದು ಅವಳ ಅಮ್ಮ.

ಏರು ಕಷ್ಟವೇನಲ್ಲ, ಬೇಸರದ್ದು. ಹೆಚ್ಚೆಂದರೆ ನೂರಕ್ಕೆ ಒಂದೂಮುಕ್ಕಾಲು. ಸೀಟಿನಿಂದ ಏಳಬೇಕಿಲ್ಲ, ಆದರೆ ಪೆಡಲ್ ತುಳಿಯುವುದನ್ನು ನಿಲ್ಲಿಸುವ ಹಾಗೂ ಇಲ್ಲ. ನಮ್ಮೂರಿನ ಕೆರೆ ಏರಿಯ ಮೇಲೆ ಒಂದು ಕ್ಷಣ ಎದ್ದು ನಿಂತು ತುಳಿದರೆ ಮುಗಿಯುತ್ತದಲ್ಲ, ಹಾಗೆ ಇದು ಮುಗಿಯುವುದೇ ಇಲ್ಲ. ಎರಡು ಮೂರು ಗಂಟೆ ಒಂದೇ ಗೇರು, ಒಂದೇ ಉಸಿರು. ಗುಂಪು ತಾನಾಗಿ ಉದ್ದಕ್ಕೆ ಎಳೆದುಕೊಂಡಿತು. ಮಾತು ನಿಂತಿತು. ಮೇಸನ್–ಡಿಕ್ಸನ್ ಗೆರೆ ಬಂದಾಗ ಎಲ್ಲರೂ ಇಳಿದದ್ದು ಇತಿಹಾಸದ ಮೇಲಿನ ಗೌರವಕ್ಕಿಂತ ಚಕ್ಕುಲಿ ಡಬ್ಬಿಯ ಮೇಲಿನ ಆಸೆಗೆ. 1763ರಿಂದ 1767ರವರೆಗೆ ಇಬ್ಬರು ಇಂಗ್ಲಿಷ್ ಸರ್ವೇಯರುಗಳು ಜಮೀನು ತಗಾದೆ ಬಿಡಿಸಲು ಎಳೆದ ಗೆರೆ, ಮುಂದೆ ಗುಲಾಮಗಿರಿ ಇದ್ದ ರಾಜ್ಯಗಳನ್ನೂ ಇಲ್ಲದ ರಾಜ್ಯಗಳನ್ನೂ ಬೇರ್ಪಡಿಸುವ ಗೆರೆಯೆಂದು ಹೆಸರಾಯಿತು. ದಾರಿಗೆ ಅಡ್ಡಲಾಗಿ ಅದನ್ನು ಗುರುತು ಮಾಡಿದ್ದಾರೆ. ಒಂದು ಗಾಲಿ ಮೇರಿಲ್ಯಾಂಡಿನಲ್ಲಿ, ಇನ್ನೊಂದು ಪೆನ್ಸಿಲ್ವೇನಿಯಾದಲ್ಲಿ ಇಟ್ಟು ಎಲ್ಲರೂ ತೆಗೆಸಿಕೊಳ್ಳುವ ಫೋಟೋವನ್ನು ನಾವೂ ತೆಗೆಸಿಕೊಂಡೆವು.

ಆಮೇಲೆ ಬಿಗ್ ಸ್ಯಾವೇಜ್ ಸುರಂಗ. ಉದ್ದ 3,294 ಅಡಿ, ಒಂದು ಕಿಲೋಮೀಟರು ಅನ್ನಿ. ಬಿಸಿಲಲ್ಲಿ ಬೆವರಿ ಬಂದವರಿಗೆ ಬಾಯಿಯ ಬಳಿಯೇ ತಣ್ಣನೆ ಗಾಳಿ ಬಂದು ಮುಖಕ್ಕೆ ಹೊಡೆಯುತ್ತದೆ. ಒಳಗೆ ದೀಪಗಳಿವೆ, ಆದರೆ ಎರಡು ದೀಪಗಳ ನಡುವೆ ಕತ್ತಲೆಯೇ ಜಾಸ್ತಿ. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಒಂದೊಂದು ಹನಿ ಕರೆಕ್ಟಾಗಿ ಕತ್ತಿನ ಹಿಂದೆಯೇ ಬೀಳುತ್ತದೆ. ನಮ್ಮ ರೈಲ್ವೆ ಹಿರಿಯರು ಇಳಿದು ಗೋಡೆಯ ಮೇಲೆ ಕೈ ಆಡಿಸಿದರು. ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ ಈ ಮಾರ್ಗವನ್ನು ತೆರೆದದ್ದು 1912ರಲ್ಲಿ. ಯೂರೋಪಿನಿಂದ ವಲಸೆ ಬಂದ ಕೂಲಿಕಾರರು ಡೈನಮೈಟು, ಹಾರೆ, ಗುದ್ದಲಿ ಹಿಡಿದು ಕೊರೆದ ಬೆಟ್ಟ ಇದು. ಒಸರುವ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಳಗಿನ ಕಾಂಕ್ರೀಟನ್ನು ಸೀಳಿಬಿಡುತ್ತದೆ. ಅದಕ್ಕೇ ಡಿಸೆಂಬರಿನಿಂದ ಏಪ್ರಿಲ್ ಮೊದಲವರೆಗೆ ಎರಡೂ ಬಾಯಿಗೆ ದೊಡ್ಡ ಬಾಗಿಲು ಹಾಕಿ ಮುಚ್ಚುತ್ತಾರೆ. ಚಳಿಗಾಲದ ರಜೆಯಲ್ಲಿ ಅಮೆರಿಕಕ್ಕೆ ಮಕ್ಕಳ ಮನೆಗೆ ಬರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಸುರಂಗ ದಾಟಿ ಸ್ವಲ್ಪ ದೂರದಲ್ಲಿ ಘಾಟಿಯ ನೆತ್ತಿ, ಸಮುದ್ರ ಮಟ್ಟದಿಂದ 2,392 ಅಡಿ. ಇಲ್ಲಿಂದ ಪೂರ್ವಕ್ಕೆ ಬಿದ್ದ ಮಳೆ ಚೆಸಪೀಕ್ ಕೊಲ್ಲಿ ಸೇರಿ ಅಟ್ಲಾಂಟಿಕ್ ಮುಟ್ಟುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಒಹಾಯೊ, ಮಿಸಿಸಿಪ್ಪಿ ನದಿಗಳನ್ನು ಹಿಡಿದು ಮೆಕ್ಸಿಕೊ ಕೊಲ್ಲಿಗೆ. “ಬಿಸಿಲೆ ಘಾಟಿಯಲ್ಲೂ ಹೀಗೇ ನೀರು ಇಬ್ಭಾಗವಾಗುವ ಕಡೆ ಒಂದು ಕಲ್ಲಿದೆ,” ಎಂದರು ಹಾಸನದವರು, ತಮ್ಮ ಜಿಲ್ಲೆಯನ್ನು ಬಿಟ್ಟುಕೊಡದೆ.

ಇಳಿಯುವ ಕಡೆಯ ಸಾಲಿಸ್‌ಬರಿ ವಯಾಡಕ್ಟ್ ಬಗ್ಗೆ ಹೇಳಲೇಬೇಕು. ಕ್ಯಾಸಲ್‌ಮನ್ ನದಿಯ ಕಣಿವೆಯ ಮೇಲೆ 1,908 ಅಡಿ ಉದ್ದದ ಉಕ್ಕಿನ ಸೇತುವೆ. ಕೆಳಗೆ ನದಿ, ಹೈವೇ, ಹೊಲ, ಎಲ್ಲದರ ನಡುವೆ ಇನ್ನೊಂದು ರೈಲು ಮಾರ್ಗ. ನಾವು ನಡುಮಧ್ಯೆ ನಿಂತಿದ್ದಾಗ ಕೆಳಗೆ ಒಂದು ಗೂಡ್ಸ್ ಬಂತು. ಹಿರಿಯರು ಹಳೆಯ ಚಾಳಿಯಂತೆ ವ್ಯಾಗನ್ ಎಣಿಸತೊಡಗಿದರು. ಇದರಲ್ಲೇ ಈ ದಾರಿಯ ಕಥೆಯೆಲ್ಲ ಇದೆ. ಕೆಳಗಿನದು ಅದೇ ಹಳೆಯ ಬಾಲ್ಟಿಮೋರ್–ಒಹಾಯೊ ಮಾರ್ಗ, ನಾವು ನಿಂತದ್ದು ಅದರ ಎದುರಾಳಿ ಕಂಪನಿಯದು. ಒಂದೇ ಕಣಿವೆ, ಒಂದೇ ಕಲ್ಲಿದ್ದಲು, ನದಿಯ ಆಚೆಗೊಂದು ಈಚೆಗೊಂದು ಹಳಿ. ಪೈಪೋಟಿ ಇರುವವರೆಗೆ ಎರಡೂ ಓಡಿದವು. ಮುಂದೆ ಎರಡೂ ಒಂದೇ ಒಡೆತನಕ್ಕೆ ಬಂದ ಮೇಲೆ, ಒಂದೇ ಮನೆಗೆ ಎರಡು ದಾರಿ ಯಾಕೆಂದು 1975ರಲ್ಲಿ ಒಂದನ್ನು ಕೈಬಿಟ್ಟರು. “ನಿಜ ಹೇಳಬೇಕೆಂದರೆ ಒಳ್ಳೆಯ ಮಾರ್ಗ ಇದೇ. ಹೊಸದು, ತಿರುವು ಕಡಿಮೆ, ಕೆಲಸ ಅಚ್ಚುಕಟ್ಟು,” ಎಂದರು ಹಿರಿಯರು. ಅವರ ದನಿಯಲ್ಲಿ ಸೈಕಲ್ ಸವಾರನ ಖುಷಿಗಿಂತ ರೈಲ್ವೆಯವನ ಸಿಟ್ಟು ಹೆಚ್ಚಿತ್ತು.

ಕೈಬಿಟ್ಟ ರೈಲು ಮಾರ್ಗ ತಾನಾಗಿ ಸೈಕಲ್ ದಾರಿಯಾಗುವುದಿಲ್ಲ. ಹಳಿ ಹೋದ ಮರುದಿನದಿಂದಲೇ ಅಕ್ಕಪಕ್ಕದ ಜಮೀನಿನವರು ಬೇಲಿ ಜರುಗಿಸುತ್ತಾರೆ. ಎಷ್ಟೋ ಕಡೆ ಕಾನೂನಿನ ಪ್ರಕಾರವೇ ಆ ನೆಲ ಅವರಿಗೆ ವಾಪಸು ಸೇರಬೇಕು. ಒಂದು ಸೇತುವೆ ಗುಜರಿಗೆ ಹೋಯಿತು, ನಡುವೆ ಒಂದು ಮನೆ ಎದ್ದಿತು ಎಂದರೆ ಮುಗಿಯಿತು, ಅಂಥ ಪಟ್ಟಿಯನ್ನು ಮತ್ತೆ ಯಾವ ಸರ್ಕಾರವೂ ಜೋಡಿಸಲಾರದು. 1963ರಲ್ಲಿ ಮೇ ವಾಟ್ಸ್ ಎಂಬ ಸಸ್ಯಪ್ರೇಮಿ ಮಹಿಳೆ ಶಿಕಾಗೋದ ಪತ್ರಿಕೆಗೆ ಪತ್ರವೊಂದನ್ನು ಬರೆದು, ಊರ ಹೊರಗಿನ ಪಾಳು ರೈಲು ಮಾರ್ಗವನ್ನು ನಡೆದಾಡುವ ದಾರಿಯಾಗಿ ಉಳಿಸಿಕೊಳ್ಳೋಣ ಎಂದು ಕೇಳಿದ್ದರು. ಆ ಪತ್ರದಿಂದ ಇಲಿನಾಯ್ ಪ್ರೇರಿ ಪಾತ್ ಹುಟ್ಟಿತು. ಪತ್ರಿಕೆಗೆ ಓದುಗರು ಬರೆಯುವ ಪತ್ರದಿಂದ ಏನಾದೀತು ಎನ್ನುವವರಿಗೆ ಇದನ್ನು ತೋರಿಸಬಹುದು. ದೊಡ್ಡ ಬಲ ಬಂದದ್ದು 1983ರ ಕಾಯ್ದೆ ತಿದ್ದುಪಡಿಯಿಂದ. ಮುಂದೆಂದಾದರೂ ರೈಲಿಗೆ ಬೇಕಾಗಬಹುದು ಎಂಬ ಷರತ್ತಿನ ಮೇಲೆ ಮಾರ್ಗವನ್ನು ಮುರಿಯದೆ ಕಾದಿಟ್ಟು, ಅಲ್ಲಿಯವರೆಗೆ ಸೈಕಲ್ಲಿಗೆ, ನಡಿಗೆಗೆ ಬಳಸಬಹುದು ಎಂದಿತು ಅದು. ಜಮೀನಿನವರು ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಗ್ರೇಟ್ ಆಲಿಗೇನಿಯ ಈ ಬೆಟ್ಟದ ಭಾಗದಲ್ಲಿ ರೈಲು ನಿಂತದ್ದು ಈ ಕಾಯ್ದೆಗೂ ಮೊದಲು, ಹಾಗಾಗಿ ಅದರ ಪಾಡು ಇನ್ನೂ ಕಷ್ಟದ್ದು. ತುಂಡು ತುಂಡಾಗಿ ಕೊಳ್ಳಬೇಕಾಯಿತು. 1986ರಲ್ಲಿ ಒಹಾಯೊಪೈಲ್ ಬಳಿ ಮೊದಲ ಕೆಲವು ಮೈಲಿ ತೆರೆದದ್ದು, ಕೊನೆಯ ಕೊಂಡಿ ಕೂಡಿದ್ದು 2013ರಲ್ಲಿ.

ಮೇಯರ್ಸ್‌ಡೇಲಿನ ಹಳೆಯ ಸ್ಟೇಷನ್ ಈಗ ಸಣ್ಣ ಮ್ಯೂಸಿಯಂ. ರಾಕ್‌ವುಡ್, ಕಾನ್‌ಫ್ಲುಯೆನ್ಸ್, ಒಂದೊಂದೂ ಒಂದೆರಡು ಬೀದಿಯ ಊರು. ಗಣಿ ಮುಚ್ಚಿ, ರೈಲು ನಿಂತು, ಹುಡುಗರು ಊರು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ದೊಡ್ಡ ಮನೆಗಳಲ್ಲಿ ಈಗ ಸೈಕಲ್ ಸವಾರರಿಗೆ ರೂಮು, ಬೆಳಗಿನ ತಿಂಡಿ. ಸೈಕಲ್ ಅಂಗಡಿ, ಐಸ್‌ಕ್ರೀಮ್ ಅಂಗಡಿ, ಪಂಪು ಕಟ್ಟಿಹಾಕಿದ ಬೆಂಚು. ನಾವು ತಂಗಿದ ಮನೆಯಾಕೆಗೆ ಡಾಕ್ಟ್ರ ಮನೆಯವರು ಚಟ್ನಿಪುಡಿಯ ರುಚಿ ತೋರಿಸಿದರು. ಆಕೆ ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದು ಇನ್ನೊಂದು ಚಮಚ ಕೇಳಿದರು. ಊರು ಉಳಿಯಿತೇ ಎಂದು ಕೇಳಿದೆ. ಬೇಸಿಗೆಯಲ್ಲಿ ಉಳಿದಿದೆ, ಚಳಿಗಾಲದಲ್ಲಿ ಇಲ್ಲ ಎಂದರು. ಸೈಕಲ್ ದಾರಿಯಿಂದ ಊರು ಉದ್ಧಾರವಾಗುತ್ತದೆಂದು ಭಾಷಣ ಮಾಡುವವರು ಡಿಸೆಂಬರಿನಲ್ಲಿ ಇಲ್ಲಿ ಒಂದು ರಾತ್ರಿ ಕಳೆಯುವುದು ಒಳ್ಳೆಯದು.

ಕಾನ್‌ಫ್ಲುಯೆನ್ಸಿನಲ್ಲಿ ಕ್ಯಾಸಲ್‌ಮನ್ ನದಿ ಯಾಕಗೇನಿ ನದಿಯನ್ನು ಸೇರುತ್ತದೆ. ಅಲ್ಲಿಂದ ಒಹಾಯೊಪೈಲ್ ದಾಟುವವರೆಗಿನ ದಾರಿಯ ಚಂದ ವರ್ಣಿಸಲು ಕೂತರೆ ವಿಶೇಷಣಗಳ ಸಂತೆಯಾಗುತ್ತದೆ. ಜಲಪಾತವಿದೆ, ನದಿಯನ್ನು ಮೇಲಿನಿಂದ ದಾಟುವ ಎತ್ತರದ ಸೇತುವೆಗಳಿವೆ, ಕೆಳಗೆ ರಬ್ಬರು ದೋಣಿಯಲ್ಲಿ ಕಿರುಚುತ್ತ ಹೋಗುವ ಮಂದಿ ಇದ್ದಾರೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ನೆತ್ತಿಯ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆ ಕೆಲವೇ ಕಿಲೋಮೀಟರು ದೂರ. ಆದರೆ ಅಲ್ಲಿಗೆ ಹೋಗುವ ರಸ್ತೆಯನ್ನು ಹಾಕಿದವರು ರೈಲ್ವೆಯವರಲ್ಲ. ಏರು ಏರಿನಂತೆಯೇ ಇದೆ. ನಾವು ಹೋಗಲಿಲ್ಲ.

ಕಾನೆಲ್ಸ್‌ವಿಲ್ ಬಂದಾಗ ಕಾಡಿನ ಬಣ್ಣ ಬದಲಾಗುವುದಿಲ್ಲ, ಆದರೆ ಕಾಡಿನೊಳಗೆ ಏನೋ ಬೇರೆ ಕಾಣತೊಡಗುತ್ತದೆ. ಊರು ದಾಟಿದ ಮೇಲೆ ದಿಬ್ಬದ ಬುಡದಲ್ಲಿ ಕಲ್ಲು, ಇಟ್ಟಿಗೆಯ ಕಮಾನುಗಳ ಸಾಲು, ಒಳಗೆ ಬೇರು, ಪಾಚಿ, ಕೊಳೆತ ಎಲೆ. ಇವು ಕೋಕ್ ಒಲೆಗಳು. ಕಲ್ಲಿದ್ದಲನ್ನು ಗುಮ್ಮಟದಂಥ ಒಲೆಗೆ ತುಂಬಿ, ಗಾಳಿ ಅಷ್ಟಕ್ಕಷ್ಟೇ ಆಡುವಂತೆ ಬಾಯಿ ಕಟ್ಟಿ, ಎರಡು ಮೂರು ದಿನ ಬೇಯಿಸಿದರೆ ಹೊಗೆಯೆಲ್ಲ, ಒಂದಷ್ಟು ಗಂಧಕವೂ ಹೋಗಿ ಉಳಿಯುವುದು ಕೋಕ್. ದೊಡ್ಡ ಕುಲುಮೆಗಳಲ್ಲಿ ಕಬ್ಬಿಣದ ಅದಿರು ಕರಗಿಸಲು ಅದು ಬೇಕು. ಈ ಕಣಿವೆಯ ಕಲ್ಲಿದ್ದಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಹೆನ್ರಿ ಕ್ಲೇ ಫ್ರಿಕ್ ಎಂಬಾತ ಚಿಕ್ಕ ವಯಸ್ಸಿನಲ್ಲೇ ಈ ಒಲೆಗಳ ಮೇಲೆ ಕೈ ಇಟ್ಟು ಕೋಟ್ಯಧಿಪತಿಯಾದ. ಆಮೇಲೆ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಪಾಲುದಾರನಾದ. ಒಳಗೆ ಬಗ್ಗಿ ನೋಡಿದರೆ ಇಟ್ಟಿಗೆಯ ಮೈ ಕರಗಿ ಗಾಜಿನಂತೆ ಹೊಳಪುಗಟ್ಟಿದ್ದು ಇನ್ನೂ ಕಾಣುತ್ತದೆ. ಹುಡುಗಿ ಅದನ್ನು ಉಗುರಿನಿಂದ ಕೆರೆದು ನೋಡಿದಳು. ಏನೂ ಬರಲಿಲ್ಲ.

ಮುಂದೆ ಜೇಕಬ್ಸ್ ಕ್ರೀಕ್ ಹತ್ತಿರ ಡಾರ್ ಗಣಿ ಇತ್ತು. 1907ರ ಡಿಸೆಂಬರ್ 19ರಂದು ಅಲ್ಲಿ ಸ್ಫೋಟವಾಗಿ 239 ಮಂದಿ ಸತ್ತರು, ಅವರಲ್ಲಿ ಹುಡುಗರೂ ಇದ್ದರು. ಪೆನ್ಸಿಲ್ವೇನಿಯಾದ ಇತಿಹಾಸದಲ್ಲೇ ಅತಿ ದೊಡ್ಡ ಕಲ್ಲಿದ್ದಲು ಗಣಿ ದುರಂತ. ಸತ್ತವರಲ್ಲಿ ಬಹಳ ಜನ ಹಂಗೆರಿ ಕಡೆಯಿಂದ ಬಂದ ವಲಸಿಗರು. ಆ ದಿನ ಹಳೆಯ ಪಂಚಾಂಗದ ಪ್ರಕಾರ ಸಂತ ನಿಕೊಲಸನ ಹಬ್ಬ. ಹಬ್ಬಕ್ಕೆಂದು ಕೆಲಸ ತಪ್ಪಿಸಿ ಚರ್ಚಿಗೆ ಹೋಗಿದ್ದ ಕೆಲವರು ಬದುಕಿಕೊಂಡರು. ಅದೇ ತಿಂಗಳ 6ರಂದು ಪಕ್ಕದ ವೆಸ್ಟ್ ವರ್ಜೀನಿಯಾದ ಮನೊಂಗಾ ಗಣಿಯಲ್ಲಿ 362 ಮಂದಿ ಸತ್ತಿದ್ದರು. ಇಂಥ ಸಾವುಗಳ ಸರಣಿಯ ನಂತರವೇ, 1910ರಲ್ಲಿ, ಸರ್ಕಾರ ಗಣಿಗಳ ಸುರಕ್ಷತೆಗೆ ಒಂದು ಇಲಾಖೆ ತೆರೆದದ್ದು. ಕೋಲಾರದ ಚಿನ್ನದ ಗಣಿಗಳಲ್ಲಿ ‘ರಾಕ್ ಬರ್ಸ್ಟ್’ (ಬಂಡೆ ಸಿಡಿತ) ಎಂಬ ಪದವನ್ನು ಮನೆಮಾತಿನಂತೆ ಕೇಳಿ ಬೆಳೆದ ಒಬ್ಬ ಸ್ನೇಹಿತ ನನಗಿದ್ದಾನೆ. ಅವನು ನಮ್ಮ ಜೊತೆ ಬಂದಿದ್ದರೆ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಉಳಿದ ಸವಾರರು ಗಂಟೆ ಬಾರಿಸುತ್ತ ಪಕ್ಕದಲ್ಲೇ ದಾಟಿ ಹೋಗುತ್ತಿದ್ದರು. ಅವರನ್ನು ದೂರುವಂತಿಲ್ಲ, ಇಳಿಜಾರಿನಲ್ಲಿ ಯಾರಿಗೂ ನಿಲ್ಲಲು ಮನಸ್ಸಾಗುವುದಿಲ್ಲ.

ಗಣಿ ಮುಚ್ಚಿದರೂ ಅದರ ನೀರು ನಿಂತಿಲ್ಲ. ವೆಸ್ಟ್ ನ್ಯೂಟನ್ ದಾಟಿದ ಮೇಲೆ ಒಂದು ಕಡೆ ಬಂಡೆಯ ಮೇಲಿನಿಂದ ಇಳಿಯುವ ನೀರು ಕಲ್ಲನ್ನೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿಸಿದೆ. ಗಣಿಯೊಳಗಿನ ಗಂಧಕ ಬೆರೆತ ಕಬ್ಬಿಣಕ್ಕೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಅದು ಹೊತ್ತು ತಂದ ಕಬ್ಬಿಣ ಹೊರಗೆ ಬಂದು ತುಕ್ಕಾಗಿ ಕೂರುತ್ತದೆ. ಕುದುರೆಮುಖದ ಮಳೆಗಾಲದಲ್ಲಿ ಭದ್ರೆ ಕೆಂಪಗಾಗುತ್ತಿದ್ದದ್ದು ಅದಿರಿನ ಹೂಳಿನಿಂದ, ಇದು ಬೇರೆ ಬಗೆಯದು. ಆದರೂ ನೋಡಿದ ಕೂಡಲೇ ನಮಗೆ ನೆನಪಾದದ್ದು ಅದೇ.

ಕೊನೆಯ ಮೂವತ್ತು ಕಿಲೋಮೀಟರು ಕಾಡಿಲ್ಲ. ಗೋದಾಮು, ಬೇಲಿ, ಗ್ರಾಫಿಟಿ, ಓಡುತ್ತಿರುವ ಹಳಿಗಳ ಮೇಲೆ ಹಾರುವ ಸೈಕಲ್ ಸೇತುವೆ. ಎಷ್ಟೋ ಜನ ಈ ಭಾಗವನ್ನು ಬೇಸರದ್ದು ಎನ್ನುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನದಿಯಾಚೆ ಬ್ರಾಡಕ್‌ನಲ್ಲಿ ಕಾರ್ನೆಗಿ 1875ರಲ್ಲಿ ಶುರುಮಾಡಿದ ಉಕ್ಕಿನ ಕಾರ್ಖಾನೆ ಇನ್ನೂ ಹೊಗೆಯಾಡುತ್ತಿದೆ. ಹೋಮ್‌ಸ್ಟೆಡ್‌ನ ಕಾರ್ಖಾನೆ ಮಾತ್ರ 1986ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ಅಂಗಡಿ, ಸಿನಿಮಾ, ಹೋಟೆಲು, ಅವುಗಳ ನಡುವೆ ಹನ್ನೆರಡು ಹಳೆಯ ಚಿಮಣಿಗಳ ಸಾಲು. ದಾರಿಯ ಪಕ್ಕದಲ್ಲೇ ಹಳೆಯ ಪಂಪ್‌ಹೌಸ್ ಉಳಿದಿದೆ. 1892ರ ಜುಲೈ 6ರ ಬೆಳಗಿನ ಜಾವ, ಮುಷ್ಕರ ಮುರಿಯಲೆಂದು ಫ್ರಿಕ್ ಕರೆಸಿದ್ದ ಪಿಂಕರ್ಟನ್ ಎಂಬ ಖಾಸಗಿ ಕಂಪನಿಯ ಸುಮಾರು 300 ಕಾವಲುಗಾರರು ದೋಣಿಗಳಲ್ಲಿ ಬಂದದ್ದು ಈ ದಡಕ್ಕೇ. ಊರಿಗೆ ಊರೇ ಎದುರು ನಿಂತಿತು. ಎರಡೂ ಕಡೆ ಹೆಣ ಬಿದ್ದವು. ಕೊನೆಗೆ ರಾಜ್ಯದ ಸೈನ್ಯ ಬಂತು, ಯೂನಿಯನ್ ಮುರಿಯಿತು, ಆಮೇಲೆ ದಶಕಗಳ ಕಾಲ ಉಕ್ಕಿನ ಕಾರ್ಖಾನೆಗಳಲ್ಲಿ ಸಂಘ ತಲೆ ಎತ್ತಲಿಲ್ಲ. ಭದ್ರಾವತಿಯ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಯಿಂದ ಬಂದ ಡಾಕ್ಟ್ರ ಮನೆಯವರು ಆ ಚಿಮಣಿಗಳ ಕೆಳಗೆ ಸೈಕಲ್ ನಿಲ್ಲಿಸಿ, ಮೊದಲ ಸಲ ಯಾರಿಗೂ ಕಾಯದೆ, ಒಬ್ಬರೇ ಹೋಗಿ ಬೋರ್ಡುಗಳನ್ನೆಲ್ಲ ಓದಿ ಬಂದರು.

ಇಲ್ಲಿಂದ ಮುಂದೆ ಒಂದು ವಾಟರ್ ಪಾರ್ಕು ಮತ್ತು ಓಡುವ ಹಳಿಗಳ ಮಧ್ಯದ ಇಕ್ಕಟ್ಟಿನಲ್ಲಿ ದಾರಿ ನುಸುಳುತ್ತದೆ. 2013ರವರೆಗೆ ಕೂಡದೇ ಇದ್ದ ಕೊಂಡಿ ಇದೇ. ಬೆಟ್ಟ ಕೊರೆದು, ಕಣಿವೆ ದಾಟಿ ಬಂದ ದಾರಿಗೆ ಕಡೆಯದಾಗಿ ಅಡ್ಡ ನಿಂತದ್ದು ಒಂದು ಚೂರು ನಗರದ ನೆಲ. ಆಮೇಲೆ ಹಾಟ್ ಮೆಟಲ್ ಸೇತುವೆ. ಒಂದು ದಡದ ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಕುದಿಯುತ್ತಿರುವಾಗಲೇ ವ್ಯಾಗನ್ನುಗಳಲ್ಲಿ ತುಂಬಿ ಇನ್ನೊಂದು ದಡದ ಕಾರ್ಖಾನೆಗೆ ಸಾಗಿಸುತ್ತಿದ್ದ ಸೇತುವೆ. ನಾವು ಅದರ ಮೇಲೆ ಕೊಡುಬಳೆ ತಿಂದೆವು.

“ನಮ್ಮಲ್ಲಿ ಯಾಕೆ ಹೀಗೆ ಮಾಡಬಾರದು?” ಎಂಬ ಪ್ರಶ್ನೆ ಎದ್ದದ್ದು ಅಲ್ಲೇ. ಸಕಲೇಶಪುರದ ಘಾಟಿ ಮಾರ್ಗ 1990ರ ದಶಕದಲ್ಲಿ ಗೇಜ್ ಪರಿವರ್ತನೆಗೆಂದು ನಿಂತಾಗ ನಮ್ಮಲ್ಲಿ ಇಬ್ಬರು ಆ ಸ್ಲೀಪರುಗಳ ಮೇಲೆ ನಡೆದವರು. ಬ್ರಾಡ್‌ಗೇಜ್ ಬಂದ ಮೇಲೆ ಅಲ್ಲಿ ನಡೆಯುವುದು ನಿಷಿದ್ಧ. ನಿಷಿದ್ಧವಾಗಬೇಕಾದದ್ದೇ, ಈಗ ಅದು ಕರಾವಳಿಗೆ ಜನ, ಸರಕು ಸಾಗಿಸುವ ಮಾರ್ಗ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ರೈಲು ಬಸ್ಸೊಂದು ಕುಂಟುತ್ತಿದ್ದ ಕಾಲದಲ್ಲಿ ಯಾರಾದರೂ ಹಳಿ ಕಿತ್ತು ಸೈಕಲ್ ದಾರಿ ಮಾಡೋಣ ಅಂದಿದ್ದರೆ ಸಾಗರದವರು ಸುಮ್ಮನೆ ಬಿಡುತ್ತಿದ್ದರೇ? ಈಗ ಅಲ್ಲಿಂದ ಬೆಂಗಳೂರಿಗೆ ನೇರ ರೈಲಿದೆ. ನಾನು ಹೇಳಿದ್ದು ಇಷ್ಟೇ: ರೈಲು ಸತ್ತ ಕಡೆ ಈ ದಾರಿ ಚೆನ್ನ, ರೈಲು ಬದುಕಿರುವ ಕಡೆ ರೈಲೇ ಚೆನ್ನ. ನಮ್ಮ ಹಿರಿಯರು ತಲೆಯಾಡಿಸಿದರು. ಅವರ ಕಡೆ ಬದುಕಿರುವ ಹಳಿಯ ಮೇಲೂ, ಕಾನೆಲ್ಸ್‌ವಿಲ್‌ನಲ್ಲಿ ಇವತ್ತು ಪ್ಯಾಸೆಂಜರ್ ಗಾಡಿ ನಿಲ್ಲುವುದು ದಿನಕ್ಕೆ ಆ ಕಡೆಗೊಂದು, ಈ ಕಡೆಗೊಂದು ಮಾತ್ರ.

ಮೂರು ನದಿ ಕೂಡುವ ಪಾಯಿಂಟ್ ಪಾರ್ಕಿನಲ್ಲಿ ಸವಾರಿ ಮುಗಿಯಿತು. ಸೈಕಲ್ಲುಗಳನ್ನು ಕಾರಿನ ಬೆನ್ನಿಗೆ ಕಟ್ಟಿ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದೆವು. ಅಮೆರಿಕದ ಹಳೆಯ ದೇವಸ್ಥಾನಗಳಲ್ಲಿ ಅದೂ ಒಂದು, 1970ರ ದಶಕದ್ದು. ಅಲ್ಲಿನ ಕ್ಯಾಂಟೀನಿನ ಪುಳಿಯೋಗರೆ ಉಣ್ಣುತ್ತ ಹಾಸನದವರು ಮುಂದಿನ ವರ್ಷದ ಮಾತು ತೆಗೆದರು: ಕಂಬರ್‌ಲ್ಯಾಂಡಿನಿಂದ ಆ ಕಡೆಗೆ, ಕಾಲುವೆ ದಂಡೆ ಹಿಡಿದು ವಾಷಿಂಗ್ಟನ್ನಿಗೆ, ಇನ್ನೊಂದು 184 ಮೈಲಿ. ಅಲ್ಲಿ ಸುಣ್ಣಕಲ್ಲಿನ ಪುಡಿ ಹಾಸು ಎಲ್ಲ ಕಡೆ ಇಲ್ಲ, ಮಳೆ ಬಂದರೆ ಹಲವು ಕಡೆ ಕೆಸರು ಎಂದು ಹಿರಿಯರು ಎಚ್ಚರಿಸಿದರು. ಅದು ಹೇಸರಗತ್ತೆ ದೋಣಿ ಎಳೆಯಲು ಮಾಡಿದ ದಾರಿ, ರೈಲಿಗಲ್ಲ.

“ಬೇಕಾದ್ರೆ ನಾನು ಸಾಮಾನು ತುಂಬ್ಕೊಂಡು ಕಾರಲ್ಲಿ ಹಿಂದೆ ಬರ್ತೀನಿ,” ಎಂದರು ಡಾಕ್ಟ್ರು. ಆ ಮಾತನ್ನು ಯಾರೂ ಒಪ್ಪಲಿಲ್ಲ, ಸಾಮಾನಿನ ಪಟ್ಟಿ ಮಾತ್ರ ಅಲ್ಲೇ ಶುರುವಾಯಿತು.